ಬದಿಗೆ ಅರ್ಧ ಇಂಚು

ತಕ್ಕಡಿಯ ಮುಳ್ಳು ಇನ್ನೂ ನಿಂತಿರಲಿಲ್ಲ. ಕೂಸು ತಟ್ಟೆಯೊಳಗೆ ಕಾಲು ಒದೆಯುತ್ತಿತ್ತು. ನರ್ಸಮ್ಮ ಅದರ ಹೊಟ್ಟೆಯ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ ಅಂಗೈ ಹಿಡಿದು, "ಒಂದು ಗಳಿಗೆ ಸುಮ್ನಿರು ಪುಟ್ಟಿ, ಒಂದೇ ಗಳಿಗೆ" ಎನ್ನುತ್ತಿದ್ದರು. ಹೆತ್ತವಳು ಆ ಹೊತ್ತಿನಲ್ಲಿ ಮುಳ್ಳನ್ನು ನೋಡಬೇಕು. ಅವಳು ನೋಡುತ್ತಿದ್ದುದು ನರ್ಸಮ್ಮನ ಕೋಟನ್ನು. ಹೊಸ ಕೋಟು, ತಿಳಿ ನೀಲಿ, ಕಾಲರಿನ ಅಂಚಿಗೆ ಬಿಳಿ ಪಟ್ಟಿ. ಭುಜ ಚೆನ್ನಾಗಿ ಕೂತಿತ್ತು, ಬೆನ್ನು ಚೆನ್ನಾಗಿ ಇಳಿದಿತ್ತು, ಆದರೆ ಕಂಕುಳ ಕೆಳಗಿನಿಂದ ಎದೆಯ ಕಡೆಗೆ ಬಟ್ಟೆ ಸೋತು ಜೋಲುತ್ತಿತ್ತು. ನರ್ಸಮ್ಮ ಆ ಜೋಲನ್ನು ಒಳಗೆ ಮಡಚಿ ಪಿನ್ನು ಚುಚ್ಚಿಕೊಂಡಿದ್ದರು. ಬದಿಗೆ ಅರ್ಧ ಇಂಚು, ಎರಡು ಬದಿ ಸೇರಿ ಒಂದು. ಟೇಪು ಹಿಡಿಯದೆ ಹೇಳಬಲ್ಲಳು. ಆ ಕೋಟಿನ ಅಳತೆಯ ಮಾದರಿ ಕಾಗದ ಯಾವ ಮೇಜಿನ ಮೇಲೆ ಕತ್ತರಿಸಲ್ಪಟ್ಟಿತು, ಯಾವ ಮೈಯ ಮೇಲೆ ನಿಂತು ಅದು ತನ್ನ ಆಕಾರ ಕಲಿಯಿತು ಎನ್ನುವುದೂ ಅವಳಿಗೆ ಗೊತ್ತಿತ್ತು. ಆ ಮೈ ಅವಳದೇ.

"ನೂರ ಹತ್ತು ಗ್ರಾಂ," ಅಂದರು ನರ್ಸಮ್ಮ. "ಒಂದು ತಿಂಗಳಿಗೆ ನೂರ ಹತ್ತು. ಹೋದ ತಿಂಗಳು ಐನೂರು ಏರಿತ್ತಲ್ಲ. ಜ್ವರಗಿರ ಏನಾದ್ರೂ ಬಂದಿತ್ತಾ?"

"ಇಲ್ಲ."

"ಹಾಲು ಬರ್ತಿದೆಯಾ?"

"ಬರ್ತಿದೆ."

"ದಿನಕ್ಕೆ ಎಷ್ಟು ಸಲ ಕೊಡ್ತೀರಿ?"

"ಏಳೆಂಟು ಸಲ," ಅಂದಳು. ನಾಲಿಗೆ ತಾನಾಗಿಯೇ ಹೇಳಿತು. ನಾಲ್ಕು, ಹೆಚ್ಚೆಂದರೆ ಐದು.

ನರ್ಸಮ್ಮ ಕೂಸನ್ನು ಎತ್ತಿ ಅವಳ ಕೈಗೆ ಕೊಟ್ಟು, ಕೊಡುತ್ತಲೇ ಅವಳ ಮುಖವನ್ನು, ಕೆನ್ನೆಯ ಮೂಳೆಯನ್ನು, ಬಳೆ ಜಾರುವ ಮಣಿಕಟ್ಟನ್ನು ಒಂದು ಸಲ ನೋಡಿದರು. "ಬೆಳಿಗ್ಗೆ ಏನು ತಿಂದ್ರಿ?" ಅವಳು ಯೋಚಿಸಿದಳು. ಬಿಸಿನೀರು, ನಿಂಬೆಹಣ್ಣು, ಅರ್ಧ ಸೌತೆಕಾಯಿ. "ಮನೇಲಿ ಎಲ್ಲಾ ಮಾಡ್ತಾರೆ," ಅಂದಳು. "ಮಾಡೋರ ಸುದ್ದಿ ನಾನು ಕೇಳಿಲ್ಲ, ತಿನ್ನೋರದು ಕೇಳಿದೆ. ತೂಕ ಇಳಿಸೋ ಹುಚ್ಚು ಹಿಡಿದಿದೆಯಾ? ಇಳೀಲಿ, ಯಾರು ಬೇಡ ಅಂದ್ರು. ಹೊತ್ತಿಗೆ ಸರಿಯಾಗಿ ಬೇಳೆ, ಕಾಳು, ಸೊಪ್ಪು, ಮೊಟ್ಟೆ ತಿನ್ನಿ. ಸಕ್ಕರೆ, ಕರಿದದ್ದು ಕಡಿಮೆ ಮಾಡಿ. ಸಂಜೆ ಕೂಸನ್ನ ಎತ್ಕೊಂಡು ಒಂದು ಸುತ್ತು ನಡೀರಿ. ಒಂಬತ್ತು ತಿಂಗಳು ಏರಿದ್ದು ಒಂಬತ್ತು ತಿಂಗಳು ತಗೊಂಡು ಇಳಿದ್ರೆ ಏನು ಗಂಟು ಹೋಗುತ್ತೆ? ಹೀಗೆ ಉಪವಾಸ ಬಿದ್ರೆ ಇಳಿಯೋದು ನೀವಲ್ಲ, ಇದು." ಹೀಗೆಂದು ಪೆನ್ನಿನ ತುದಿಯಿಂದ ಕೂಸಿನ ಪಾದವನ್ನು ಮುಟ್ಟಿದರು. ಆಮೇಲೆ ಕಾರ್ಡಿನಲ್ಲಿ ಬರೆಯಲು ಕೈ ಎತ್ತಿದಾಗ ಪಿನ್ನು ಬಿಚ್ಚಿ ಪಕ್ಕೆಗೆ ಚುಚ್ಚಿತು. "ಥೂ, ಈ ಕೋಟು. ಯಾವ ಪುಣ್ಯಾತ್ಮ ಹೊಲಿದನೋ. ಎದೆ ಹತ್ರ ಇನ್ನೊಬ್ಬಳನ್ನ ಕೂರಿಸ್ಕೋಬಹುದು. ನನ್ನದೊಂದೇ ಅಲ್ಲ, ಎಂಬತ್ತು ಜನರದೂ ಹೀಗೇ. ನಿನ್ನೆ ಬರೆದು ಕಳಿಸಿದೀವಿ."

ಆ ಇನ್ನೊಬ್ಬಳು ನಾನೇ ಎಂದು ಹೇಳಿದರೆ ಏನಾಗುತ್ತಿತ್ತೋ. ಅವಳು ಕಾರ್ಡು ಮಡಚಿ ಚೀಲಕ್ಕೆ ಹಾಕಿಕೊಂಡಳು. ಹೊರಗಿನ ಬೆಂಚಿನ ಮೇಲೆ, ಗೋಡೆಯ ಕಡೆ ತಿರುಗಿ ಕೂತು, ಕೂಸಿಗೆ ಹಾಲು ಕೊಟ್ಟಳು. ಅದು ಎರಡು ನಿಮಿಷ ಎಳೆದು, ಬಿಟ್ಟು, ಮತ್ತೆ ಎಳೆದು, ಸಿಟ್ಟಿನಿಂದ ತಲೆ ಆಡಿಸಿತು. ನೂರ ಹತ್ತು. ಹೊಲಿಗೆಯವರ ಲೆಕ್ಕದಲ್ಲಿ ಅದು ನಾಲ್ಕೈದು ದಾರದ ಉಂಡೆಯ ತೂಕ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ತೊಡೆಯ ಮೇಲೆ ಕೂಸು, ಕೂಸಿನ ಪಕ್ಕದಲ್ಲಿ ಅತ್ತೆ ಕಟ್ಟಿಕೊಟ್ಟ ಮೂರು ಅಂತಸ್ತಿನ ಡಬ್ಬಿ. ಡಬ್ಬಿ ಕೂಸಿಗಿಂತ ಭಾರವೆನಿಸಿ ಅವಳಿಗೆ ರೇಗಿತು. ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಮೀಡಿಯಂ ಎಂದು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಅದನ್ನು ಕೂಗಿದರೆ, ಯಾರನ್ನು ಕರೆದರೋ ಎಂದು ಅವಳೇ ಒಮ್ಮೆ ಹಿಂದಿರುಗಿ ನೋಡುತ್ತಾಳೆ. ಸ್ಯಾಂಪಲ್ ಕೋಣೆಯಲ್ಲಿ ಅವಳದು ಹೊಲಿಗೆಯ ಕೆಲಸವೇ, ಆದರೆ ಹೊಸ ಉಡುಪಿನ ಕಾಗದ ತಯಾರಾದಾಗ ಅವಳು ಮಷಿನ್ನಿನಿಂದ ಎದ್ದು ಮೂಲೆಯ ಸ್ಟೂಲು ಹತ್ತಿ ನಿಲ್ಲಬೇಕು. ಮಾಸ್ಟರ್ ಒರಟು ಬಟ್ಟೆಯಲ್ಲಿ ಕತ್ತರಿಸಿದ್ದನ್ನು ಅವಳಿಗೆ ತೊಡಿಸಿ, ಸುತ್ತಲೂ ಪಿನ್ನು ಚುಚ್ಚುತ್ತಾ, ಎಲ್ಲಿ ಎಳೆಯುತ್ತದೆ ಎಲ್ಲಿ ಸಡಿಲ ಎಂದು ನೋಡುತ್ತಾರೆ. ಅವಳ ಮೈಗೆ ಹಿಡಿಸಿದ ಮೇಲೆ ಅದರಿಂದ ಕಳೆದರೆ ಸಣ್ಣ ಅಳತೆಯವರು, ಅದಕ್ಕೆ ಕೂಡಿಸಿದರೆ ದೊಡ್ಡವರು. ಒಂಬತ್ತು ವರ್ಷದಿಂದ ಆ ಕಾರ್ಖಾನೆಯ ಎಲ್ಲ ಹೆಂಗಸರ ಉಡುಪೂ ಅವಳ ಮೈಯಿಂದ ಹೊರಟು ಊರು ಸೇರುತ್ತಿತ್ತು. ಬೀದಿಯಲ್ಲಿ ಯಾರೋ ಅಪರಿಚಿತಳು ಮುಂದೆ ನಡೆದು ಹೋಗುವಾಗ, ಬಟ್ಟೆ ಬೆನ್ನ ಮೇಲೆ ನೀರಿನ ಹಾಗೆ ಇಳಿದಿರುವುದನ್ನು ಕಂಡು, "ನನ್ನ ಬೆನ್ನು" ಎಂದು ಅವಳು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ಯಾರಿಗೂ ಹೇಳದ ಸಂತೋಷ ಅದು. ದೇವರ ಮುಂದೆ ಕಣ್ಣು ಮುಚ್ಚಿದಾಗ ಬೇಡಿಕೊಳ್ಳಲು ಏನೂ ತೋಚದೆ, ಇಷ್ಟು ಕೊಟ್ಟಿದ್ದೀಯಲ್ಲ ಎಂದು ಅದನ್ನೇ ನೆನೆಸಿಕೊಂಡದ್ದೂ ಉಂಟು.

ಹೆರಿಗೆಯ ರಜೆ ಮುಗಿಸಿ ಬಂದಾಗ ಸೊಂಟ ಮೂವತ್ತನಾಲ್ಕು. ಮೂಲೆಯಲ್ಲಿ ಅವಳ ಹಳೆಯ ಅಳತೆಗೆ ಬಟ್ಟೆ ಸುತ್ತಿದ ಬೊಂಬೆ ನಿಂತಿತ್ತು, ತಲೆ ಇಲ್ಲ, ಕೈ ಇಲ್ಲ, ಸೊಂಟ ಮೂವತ್ತು. ಅವಳು ಹೋದಾಗ ಹೇಗಿತ್ತೋ ಹಾಗೇ ಇತ್ತು. ಅದಕ್ಕೇನು, ಅದು ಹೆರಲಿಲ್ಲ. ರಜೆಯಲ್ಲಿ ಕಾಜಾ ಮಷಿನ್ನಿನ ಹೆಂಗಸನ್ನು ಸ್ಟೂಲಿನ ಮೇಲೆ ನಿಲ್ಲಿಸಿದ್ದರು. ಅವಳೇ ಇರಲಿ ಎಂದು ಮ್ಯಾನೇಜರ್ ಹೇಳಿದಾಗ ಮಾಸ್ಟರ್, "ಇವಳು ವಾಪಸ್ ಬಂದಿದಾಳೆ, ಮೈಯೂ ವಾಪಸ್ ಬರುತ್ತೆ, ಸ್ವಲ್ಪ ತಡೀರಿ" ಅಂದರಂತೆ. ಆ ಒಂದು ಮಾತು ಅವಳ ತಲೆಯ ಮೇಲೆ ಕೂತುಬಿಟ್ಟಿತು. ಮೈಯನ್ನು ವಾಪಸ್ ತರಬೇಕು. ಎಲ್ಲಿಗೆ ಹೋಗಿದೆ ಅದು? ಹೋದ ದಾರಿ ಯಾವುದು? ಮನೆಯಲ್ಲಿ ಅತ್ತೆ ಹೊತ್ತುಹೊತ್ತಿಗೆ ತಟ್ಟೆ ತಂದು ಮುಂದಿಡುತ್ತಿದ್ದರು. "ನಿನಗಲ್ಲ ಕಣೇ ಹಾಕ್ತಿರೋದು, ನನ್ನ ಮೊಮ್ಮಗಳಿಗೆ. ನೀನು ಬರೀ ನಡುವೆ ಇರೋ ಕೊಳವೆ" ಎಂದು ನಗುತ್ತಿದ್ದರು. ಅವಳಿಗೆ ನಗು ಬರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಬೊಂಬೆ, ಮನೆಯಲ್ಲಿ ಕೊಳವೆ. ಲಿಫ್ಟ್ ರಿಪೇರಿಯ ಕೆಲಸದ ಗಂಡ ತನ್ನ ಲೆಕ್ಕದಲ್ಲಿ ಸಮಾಧಾನ ಹೇಳುತ್ತಿದ್ದ: "ಇಳಿಯೋದು ನಿಧಾನವಾಗೇ ಇಳೀಬೇಕು. ಜೋರಾಗಿ ಇಳಿದ್ರೆ ಹಗ್ಗ ಕಿತ್ಕೊಂಡಿದೆ ಅಂತ ಅರ್ಥ. ನೀನು ಹೇಗಿದ್ರೂ ನನಗೆ ಚೆನ್ನಾಗೇ ಕಾಣ್ತೀಯ ಬಿಡು." ಚೆನ್ನಾಗಿ ಕಾಣುವ ಮಾತು ಯಾರು ಕೇಳಿದರು? ಅವನ ಕುತ್ತಿಗೆಯಲ್ಲಿ ಟೇಪು ಇರಲಿಲ್ಲ.

ಎಲ್ಲಕ್ಕಿಂತ ಮೋಸ ಹಸಿವಿನದು. ಇಂಥ ಹಸಿವನ್ನು ಅವಳು ಕಂಡಿರಲಿಲ್ಲ. ಕೂಸು ಎದೆ ಬಿಟ್ಟ ಮರುಕ್ಷಣ ಅದು ಹೊಟ್ಟೆಯ ತಳದಿಂದ ಎದ್ದು ಬರುತ್ತಿತ್ತು, ಕಾಲಲ್ಲಿ ನಡುಕ, ಬಾಯಲ್ಲಿ ನೀರು, ಗೋಡೆಯನ್ನಾದರೂ ಕಚ್ಚಿಬಿಡೋಣ ಎನ್ನುವ ಹಾಗೆ. ಹಾಲು ಕೊಟ್ಟರೆ ಹಸಿವು, ಹಸಿದರೆ ತಿನ್ನಬೇಕು, ತಿಂದರೆ ಸೊಂಟ, ತಿನ್ನದಿದ್ದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ಕೂಸು ಇನ್ನೂ ಹೊತ್ತು ಎಳೆಯುತ್ತದೆ, ಎಳೆದಷ್ಟೂ ಹಸಿವು. ಈ ಸುತ್ತಿನಲ್ಲಿ ಎಲ್ಲಿ ಕತ್ತರಿ ಹಾಕಬೇಕು ಎಂದು ಅವಳು ಒಂದು ವಾರ ಯೋಚಿಸಿದ್ದಳು. ಕತ್ತರಿ ಎಲ್ಲಿ ಬಿತ್ತು ಎನ್ನುವುದನ್ನು ಈಗ ಬಸ್ಸಿನಲ್ಲಿ, ತೊಡೆಯ ಮೇಲಿನ ಬಿಸಿ ತಲೆಯನ್ನು ನೋಡುತ್ತಾ, ತನಗೆ ತಾನೇ ಹೇಳಿಕೊಳ್ಳಲು ನಾಚಿಕೆಯಾಯಿತು. ಹಾಲು ಕೊಡುವುದನ್ನೇ ಮುಂದೆ ಹಾಕುತ್ತಾ ಬಂದಿದ್ದಳು. ಮಲಗಿದ್ದರೆ ಎಬ್ಬಿಸುತ್ತಿರಲಿಲ್ಲ. ಅತ್ತರೆ ಮೊದಲು ತಟ್ಟಿ ನೋಡುತ್ತಿದ್ದಳು, ತಾನು ನೀರು ಕುಡಿದು ಹೊತ್ತು ಕಳೆಯುತ್ತಿದ್ದಳು, ಇನ್ನೊಂದು ಹೊಲಿಗೆ ಮುಗಿಯಲಿ ಎನ್ನುತ್ತಿದ್ದಳು. ಡಬ್ಬಿಯ ಊಟವನ್ನು ಕಾರ್ಖಾನೆಯ ಹಿಂದಿನ ನಲ್ಲಿಯ ಬಳಿ ಕಾಯುವ ಕುಂಟು ನಾಯಿಗೆ ಹಾಕಿ, ಡಬ್ಬಿಯನ್ನು ಫಳಫಳ ತೊಳೆದು, ಮನೆಗೆ ತರುತ್ತಿದ್ದಳು. ನಾಯಿ ಒಂದು ತಿಂಗಳಲ್ಲಿ ದುಂಡಗಾಗಿತ್ತು. ಇಂದು ಬೆಳಿಗ್ಗೆ ಹೊಸಿಲ ಬಳಿ ಅತ್ತೆ ಡಬ್ಬಿ ಕೊಡುತ್ತಾ, "ಈಗೀಗ ಡಬ್ಬಿ ತೊಳ್ಕೊಂಡು ಬರ್ತೀಯಲ್ಲ," ಅಂದಿದ್ದರು. ಒಂಬತ್ತು ವರ್ಷ ಅವಳು ಅದನ್ನು ತೊಳೆಯದೆ ತಂದು, ಅವರು ಗೊಣಗಿ, ಅದೊಂದು ದಿನಚರಿಯಾಗಿತ್ತು. "ತೊಳೀಬಾರದಾ ಅತ್ತೆ?" "ತೊಳಿ, ತೊಳಿ. ಒಳ್ಳೇದೇ." ಅಷ್ಟೇ ಅಂದು ಅವರು ಕೂಸಿನ ಟೋಪಿ ಸರಿಮಾಡಿದ್ದರು. ಆಗ ಅವರ ಕಣ್ಣು ಅವಳ ಕಡೆ ತಿರುಗಲಿಲ್ಲ.

ಕೂಸನ್ನು ಕೆಳಗಿನ ಮಕ್ಕಳ ಕೋಣೆಯಲ್ಲಿ ಆಯಾಗೆ ಒಪ್ಪಿಸಿ ಮೇಲೆ ಬಂದಾಗ ಸ್ಯಾಂಪಲ್ ಕೋಣೆಯ ಬಾಗಿಲು ತೆರೆದಿತ್ತು, ಮ್ಯಾನೇಜರ್ ಹೊರಗೆ ಹೋಗುತ್ತಿದ್ದ. "ಕಣ್ಣು ತೋರಿಸ್ಕೊಳ್ಳಿ ಮಾಸ್ಟರ್. ವಯಸ್ಸಾದ ಮೇಲೆ ಅದರಲ್ಲಿ ಅವಮಾನ ಏನಿಲ್ಲ" ಎಂದು ಹೋಗುತ್ತಾ ಹೇಳಿದ, ನಾಲ್ಕು ಜನಕ್ಕೆ ಕೇಳಿಸುವ ಹಾಗೆ. ಮಾಸ್ಟರ್ ಮೇಜಿನ ಮೇಲೆ ನೀಲಿ ಕೋಟಿನ ಕಾಗದದ ತುಂಡುಗಳನ್ನೆಲ್ಲ ಹರಡಿಕೊಂಡು ನಿಂತಿದ್ದರು. ಎಂಬತ್ತು ಕೋಟು ಮೊದಲ ಕಂತು. ಅದನ್ನು ತೊಟ್ಟು ನೋಡಿ ಒಪ್ಪಿದ ಮೇಲೆ ಇನ್ನು ಐನೂರು ಇಪ್ಪತ್ತು ಹೊಲಿಯಬೇಕಿತ್ತು. ಅವರು ಕಾಗದದ ಎದೆಯ ಗೆರೆಯ ಮೇಲೆ ಟೇಪು ಇಟ್ಟು, ತೆಗೆದು, ಮತ್ತೆ ಇಟ್ಟು ನೋಡುತ್ತಿದ್ದರು. ಟೇಪಿನ ತುದಿ ಸಣ್ಣಗೆ ನಡುಗುತ್ತಿತ್ತು. ಅದು ಇಂದಿನ ನಡುಕವೋ, ಮೊದಲಿನಿಂದಲೂ ಇದ್ದು ತಾನು ನೋಡಿರಲಿಲ್ಲವೋ. "ಬಾಮ್ಮ ಮೀಡಿಯಂ," ಅಂದರು. "ಎದೆಯಲ್ಲಿ ಒಂದು ಇಂಚು ಜಾಸ್ತಿ ಬಿಟ್ಟಿದೀನಂತೆ. ಬರೆದು ಕಳಿಸಿದಾರೆ. ನಲವತ್ತು ವರ್ಷದಲ್ಲಿ ಒಂದು ಇಂಚು ಯಾವತ್ತೂ ಹೋಗಿರಲಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಮಾದರಿ ಕೋಟು ಒಂದ್ಸಲ ತೊಡಿಸಿ ನೋಡ್ಬಿಡೋಣ. ನಿನ್ನ ಮೈ ಮೇಲೆ ಸರಿಯಾಗಿ ಕೂತರೆ ತಪ್ಪು ಕಟಿಂಗ್ ಮೇಜಿನದು. ಕೂರದಿದ್ರೆ," ಎಂದು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. "ಕೂರದಿದ್ರೆ ನನ್ನದು."

ತಪ್ಪು ಮೂರನೆಯವರದೂ ಆಗಿರಬಹುದು ಎಂದು ಅವರು ಹೇಳಲಿಲ್ಲ. ಅದು ಅವರಿಗೆ ತೋಚಿಯೇ ಇರಲಿಲ್ಲ.

ಅವಳು ಮಷಿನ್ನಿಗೆ ಕೂತಳು. ಒಂದು ತೋಳಿಗೆ ಪಟ್ಟಿ ಹಚ್ಚಬೇಕಿತ್ತು. ಹಚ್ಚಿದಳು, ಬಿಚ್ಚಿದಳು, ಮತ್ತೆ ಹಚ್ಚಿದಳು. ತಿಂಗಳ ಹಿಂದೆ, ಆ ದಿನವೂ ಹೀಗೇ ಕೂತಿದ್ದಳು. ಕೋಟಿನ ಮಾದರಿ ಒಪ್ಪಿಸುವ ಕೊನೆಯ ದಿನ. ಅವಳು ವಾಪಸು ಬಂದ ಮೇಲೆ ಮಾಸ್ಟರ್ ಒಂದು ಪದ್ಧತಿ ಮಾಡಿದ್ದರು. ಸ್ಟೂಲು ಹತ್ತುವ ಮೊದಲು, ಬೇರೆ ಎಲ್ಲೋ ನೋಡುತ್ತಾ, ದಾರ ಪೋಣಿಸಿದ ಸೂಜಿಗೇ ಮತ್ತೆ ದಾರ ಪೋಣಿಸುವವರ ಹಾಗೆ ಮಾಡುತ್ತಾ, "ಕೂಸಿಗೆ ಕೊಟ್ಟು ಬಂದ್ಯಾಮ್ಮ?" ಎಂದು ಕೇಳುವರು. ಹಾಲು ತುಂಬಿದ ಎದೆಯ ಅಳತೆ ಬೇರೆ, ಕುಡಿಸಿ ಬಂದ ಎದೆಯ ಅಳತೆ ಬೇರೆ ಎಂದು ಆ ಮುದುಕನಿಗೆ ಯಾರು ಹೇಳಿದ್ದರೋ. ಹೇಳದೆಯೇ ಕೈಗೆ ಗೊತ್ತಿತ್ತು. ಆ ದಿನ ಅವಳು ಕೊಟ್ಟಿರಲಿಲ್ಲ. ಹಿಂದಿನ ಎರಡು ದಿನ ಬರೀ ನೀರು, ಹಣ್ಣು. ಹಾಲು ಕೊಟ್ಟರೆ ಹಸಿವು ಏಳುತ್ತದೆ, ಸ್ಟೂಲಿನ ಮೇಲೆ ಕಣ್ಣು ಕತ್ತಲೆ ಬರುತ್ತದೆ ಎಂಬ ಭಯ. ಆದರೆ ಭಯವೊಂದೇ ಆಗಿದ್ದರೆ ಅವಳು ತನ್ನನ್ನು ಇಷ್ಟು ಹೊತ್ತಿಗೆ ಕ್ಷಮಿಸಿಕೊಂಡಿರುತ್ತಿದ್ದಳು. ಗೋಡೆಯ ಕನ್ನಡಿಯಲ್ಲಿ, ಉಸಿರು ಹಿಡಿದು ನಿಂತಾಗ, ತುಂಬಿದ ಎದೆಯ ಕೆಳಗೆ ಸೊಂಟ ಸಣ್ಣಗೆ ಕಂಡಿತ್ತು. ಎಷ್ಟೋ ತಿಂಗಳ ಮೇಲೆ ತಾನು ತನಗೇ ಕಂಡಿದ್ದಳು. "ಕೊಟ್ಟು ಬಂದೆ ಮಾಸ್ಟರ್," ಅಂದಿದ್ದಳು. ಅಳತೆಯ ಪಟ್ಟಿಯ ಪ್ರಕಾರ ಕತ್ತರಿಸಿದ್ದ ಬಟ್ಟೆ ಎದೆಯ ಹತ್ತಿರ ಬಿಗಿಯಿತು. ಮಾಸ್ಟರ್ ಪಟ್ಟಿಗಿಂತ ಮೈಯನ್ನು ನಂಬುವವರು. ಪಿನ್ನು ತೆಗೆದು, ಬದಿಗೆ ಅರ್ಧ ಇಂಚು ಬಿಟ್ಟು, ದೂರ ನಿಂತು ನೋಡಿ, "ಬಂದ್ಬಿಟ್ಟೆ ಕಣಮ್ಮ, ಹಳೇ ಮೀಡಿಯಂ ಬಂದ್ಬಿಟ್ಟಳು" ಎಂದು ನಕ್ಕಿದ್ದರು. ಆ ನಗುವನ್ನು ಅವಳು ಒಂದು ತಿಂಗಳು ಉಂಡಿದ್ದಳು.

ಹನ್ನೆರಡೂವರೆಗೆ ಕೆಳಗೆ ಹೋದಾಗ ಕೂಸು ಮಲಗಿತ್ತು. "ಎಬ್ಬಿಸ್ಲಾ?" ಅಂದಳು ಆಯಾ. "ಬೇಡ, ಮಲಗಲಿ," ಅಂದಳು ಅವಳು, ಹಾಗೆಂದ ಕೂಡಲೇ ಒಳಗೆ ಏನೋ ಸಡಿಲವಾಯಿತು, ಆ ಸಡಿಲವನ್ನು ಕಂಡು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಡ್ಡ ಮಲಗಿದ್ದ ಕೂಸಿನ ತೊಡೆ ನೋಡಿದಳು. ಹೋದ ತಿಂಗಳು ಅಲ್ಲಿ ಎರಡು ಮಡಿಕೆಯಿತ್ತು. ಈಗ ಒಂದು, ಅದೂ ಗೆರೆಯ ಹಾಗೆ. ಬಟ್ಟೆಯ ಮೇಲಿನ ಸೀಮೆಸುಣ್ಣದ ಗುರುತನ್ನೂ ತಪ್ಪದೆ ಕಾಣುವ ಕಣ್ಣು ಇದನ್ನು ಹೇಗೆ ಕಾಣಲಿಲ್ಲ? ಹಿಂದಿನ ನಲ್ಲಿಯ ಬಳಿಗೆ ಹೋದಳು. ನಾಯಿ ಎದ್ದು ಬಾಲ ಆಡಿಸಿತು. ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು, ತೆಗೆಯಲಾಗಲಿಲ್ಲ. ತಿನ್ನಲೂ ಆಗಲಿಲ್ಲ. ನಾಲ್ಕು ಗಂಟೆಗೆ ಸ್ಟೂಲು ಹತ್ತಬೇಕು, ಇನ್ನೊಂದು ತುತ್ತು ಇಳಿದರೂ ಸೊಂಟದ ಪಿನ್ನು ಹೇಳಿಬಿಡುತ್ತದೆ. ನಾಯಿ ಕಾಯಿತು, ಅವಳೂ ನಿಂತಳು, ಕೊನೆಗೆ ಇಬ್ಬರೂ ಉಪವಾಸ ವಾಪಸು ಹೊರಟರು.

ಮೂರೂವರೆಗೆ ಕೆಳಗಿನಿಂದ ಅಳು ಕೇಳಿಸಿತು. ಮಷಿನ್ನುಗಳ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸದ ಅಳು. ಅವಳಿಗೆ ಅದು ಕಿವಿಗಿಂತ ಮೊದಲು ಎದೆಗೆ ಕೇಳಿಸಿತು. ಬೆಳಿಗ್ಗೆಯಿಂದ ತುಂಬಿಕೊಂಡ ಎದೆ ಕಲ್ಲಾಗಿತ್ತು. ಹೋಗಿ ಕೊಟ್ಟು ಬರಲು ಇಪ್ಪತ್ತು ನಿಮಿಷ ಸಾಕು. ಕೊಟ್ಟು ಬಂದರೆ ಕೋಟು ಜೋಲುತ್ತದೆ, ಮಾಸ್ಟರ್ ತಪ್ಪು ತಮ್ಮದೆಂದು ಕನ್ನಡಕ ಮಡಚಿ ಮನೆಗೆ ಹೋಗುತ್ತಾರೆ. ಇಲ್ಲವೇ ಅವಳು ಬಾಯಿ ಬಿಡಬೇಕು, ಸ್ಟೂಲು ಕಾಜಾದವಳಿಗೆ ಹೋಗುತ್ತದೆ. ಕೊಡದೆ ನಿಂತರೆ ಕೋಟು ಅವಳ ಮೈ ಮೇಲೆ ಅಚ್ಚು ಹೊಯ್ದಂತೆ ಕೂರುತ್ತದೆ, ಮಾಸ್ಟರ್ ಉಳಿಯುತ್ತಾರೆ, ಅವಳೂ ಉಳಿಯುತ್ತಾಳೆ, ಕಟಿಂಗ್ ಮೇಜಿನವರು ನಾಲ್ಕು ಬೈಗುಳ ತಿಂದು ಮರೆಯುತ್ತಾರೆ. ಎಷ್ಟು ಸುಲಭ. ಕೂಸು ಇನ್ನರ್ಧ ಗಂಟೆ ಅತ್ತರೆ ಸಾಕು. ಮೈ ಕೊಟ್ಟವನು ಅದನ್ನು ಟೇಪು ಹಿಡಿದು ಕೊಟ್ಟನೇ, ಹೊತ್ತಿಗೊಂದು ಅಳತೆಯಾಗುವ ಈ ಮೈಯನ್ನು ನಂಬಿ ಒಂದು ಊರಿನ ಬಟ್ಟೆ ಹೊಲಿಯುತ್ತೇವಲ್ಲ ಎಂದು ಅವಳಿಗೆ ಯಾರ ಮೇಲೋ ಸಿಟ್ಟು ಬಂತು, ಯಾರೆಂದು ತಿಳಿಯಲಿಲ್ಲ. ಅಳು ನಿಂತಿತು. ಆಯಾ ಎತ್ತಿಕೊಂಡಿರಬೇಕು. ಮತ್ತೆ ಶುರುವಾಯಿತು.

ನಾಲ್ಕು ಗಂಟೆಗೆ ಅವಳು ಸ್ಟೂಲು ಹತ್ತಿದಳು. ಹತ್ತುವಾಗ ಕೋಣೆ ಒಂದು ಸುತ್ತು ತಿರುಗಿ ತನ್ನ ಜಾಗಕ್ಕೆ ಬಂದು ನಿಂತಿತು; ಬೊಂಬೆಯ ಭುಜ ಹಿಡಿದು ಸಾವರಿಸಿಕೊಂಡಳು. ಮಾಸ್ಟರ್ ಕೋಟು ತೊಡಿಸಿ, ಗುಂಡಿ ಹಾಕಿ, ಎರಡು ಹೆಜ್ಜೆ ಹಿಂದೆ ಹೋದರು. ಸುತ್ತಲೂ ಬಂದರು. ಕಂಕುಳ ಕೆಳಗೆ ಬೆರಳು ಹಾಕಿ ನೋಡಿದರು, ಹಿಡಿಯಲು ಬಟ್ಟೆ ಸಿಗಲಿಲ್ಲ. "ಸರಿಯಾಗೇ ಇದೆ," ಅಂದರು. ಆ ದನಿಯಲ್ಲಿ ನೆಮ್ಮದಿ ಇರಬೇಕಿತ್ತು, ಇರಲಿಲ್ಲ. "ಎಷ್ಟು ಚೆನ್ನಾಗಿ ಕೂತಿದೆ. ಆದರೂ ಎಂಬತ್ತು ಜನ ಸುಳ್ಳು ಹೇಳ್ತಾರಾ?" ಮತ್ತೆ ಹತ್ತಿರ ಬಂದು, ಕನ್ನಡಕ ಹಣೆಗೇರಿಸಿ, ಬರಿಗಣ್ಣಲ್ಲಿ ನೋಡಿದರು. ತಮ್ಮ ಬಲಗೈಯನ್ನು ಮುಂದೆ ಹಿಡಿದು, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು. "ಮನೇಲೂ ಹೇಳ್ತಾರಮ್ಮ, ಕೈ ನಡುಗುತ್ತೆ, ಸಾಕು ಬಿಟ್ಬಿಡಿ ಅಂತ. ನಾನೇ ಒಪ್ಕೊಂಡಿರಲಿಲ್ಲ. ಕೈ ಹೋಯ್ತು ಅಂತ ಕಾಣುತ್ತೆ." ಆಮೇಲೆ ಮೇಜಿನ ಮೇಲಿನ ಸೂಜಿ ತೆಗೆದುಕೊಂಡು, ಅದರ ಕಣ್ಣಿಗೆ ಇಲ್ಲದ ದಾರ ಪೋಣಿಸುತ್ತಾ, ಬರೀ ಅಭ್ಯಾಸಕ್ಕೆ, ಉತ್ತರವನ್ನೂ ಕಾಯದೆ ಕೇಳಿದರು: "ಕೂಸಿಗೆ ಕೊಟ್ಟು ಬಂದಿದೀಯ ತಾನೇ?"

ಹೌದು ಎನ್ನುವುದು ಬಾಯಿಯ ತುದಿಯಲ್ಲೇ ಇತ್ತು. ಕೆಳಗೆ ಅಳು ದನಿ ಒಡೆದು, ದಣಿದು, ಒಂದೊಂದೇ ಬಿಕ್ಕಾಗಿತ್ತು.

"ಇಲ್ಲ ಮಾಸ್ಟರ್," ಅಂದಳು.

ಅವರು ಸೂಜಿಯಿಂದ ತಲೆ ಎತ್ತಲಿಲ್ಲ.

"ಕೋಟು ಮೈ ಮೇಲೇ ಇರಲಿ. ಹೋಗಿ ಕೊಟ್ಟು ಬರ್ತೀನಿ. ಬಂದ ಮೇಲೆ ಇನ್ನೊಂದ್ಸಲ ನೋಡಿ."

ಗೋಡೆ ಹಿಡಿದು ಮೆಟ್ಟಿಲು ಇಳಿದಳು. ಆಯಾ, "ಎಲ್ಲಿದ್ಯೇ ಇಷ್ಟು ಹೊತ್ತು, ನನ್ನ ಗಲ್ಲ ಚೀಪಿ ಚೀಪಿ ಸಾಕಾಯ್ತು ಇದಕ್ಕೆ" ಎಂದು ಕೂಸನ್ನು ಕೊಟ್ಟಳು. ಅದರ ಮುಖ ಒದ್ದೆ, ಬಿಸಿ. ಮೊದಲು ಎದೆ ಹಿಡಿಯಲು ಒಪ್ಪಲಿಲ್ಲ. ಮುಷ್ಟಿಯಿಂದ ಕೋಟಿನ ಬಿಳಿ ಪಟ್ಟಿಯನ್ನು ಗುದ್ದಿತು, ತಲೆ ತಿರುಗಿಸಿತು, ಇಷ್ಟು ಹೊತ್ತಿನ ಲೆಕ್ಕವನ್ನೆಲ್ಲ ಒಪ್ಪಿಸಿತು. ಆಮೇಲೆ ಹಿಡಿಯಿತು. ಅವಳು ಹಿಡಿದಿದ್ದ ಉಸಿರನ್ನು, ಒಂದು ತಿಂಗಳಿಂದ ಸೊಂಟಕ್ಕಾಗಿ ಹಿಡಿದಿದ್ದ ಉಸಿರನ್ನು, ಬಿಟ್ಟಳು. ಹೊಟ್ಟೆ ಮುಂದೆ ಬಂತು. ಬರಲಿ. ಕೂಸು ಗುಟುಕು ಗುಟುಕಾಗಿ ನುಂಗುವ ಸದ್ದು ಎಣಿಸಿದಳು, ಇಪ್ಪತ್ತರ ನಂತರ ಎಣಿಕೆ ತಪ್ಪಿತು. ಒಂದು ಬದಿ, ಆಮೇಲೆ ಇನ್ನೊಂದು ಬದಿ. ಹಸಿವು ಎದ್ದಿತು, ಹೊಟ್ಟೆಯ ತಳದಿಂದ, ಎಂದಿನಂತೆ.

ಮತ್ತೆ ಸ್ಟೂಲು ಹತ್ತಿದಾಗ ಮಾಸ್ಟರ್ ಅದೇ ಜಾಗದಲ್ಲಿ, ಅದೇ ಸೂಜಿ ಹಿಡಿದು ನಿಂತಿದ್ದರು. ಹತ್ತಿರ ಬಂದರು. ಕಂಕುಳ ಕೆಳಗೆ ಎರಡು ಬೆರಳು ಹಾಕಿದರು. ಬಟ್ಟೆ ಬೆರಳಿಗೆ ಬಂತು. ಹಿಡಿದ ಮಡಿಕೆಗೆ ಟೇಪು ಇಟ್ಟರು. ಇನ್ನೊಂದು ಬದಿಗೂ ಇಟ್ಟರು. ಹೊರಗೆ ಯಾರೋ ಕತ್ತರಿ ಬೀಳಿಸಿದ ಸದ್ದಾಯಿತು.

"ಅವತ್ತೂ?" ಅಂದರು.

"ಅವತ್ತೂ."

"ಕೊಟ್ಟು ಬಂದೆ ಅಂದಿದ್ದೆ."

"ಅಂದಿದ್ದೆ."

ಅವರು ಟೇಪನ್ನು ನಿಧಾನವಾಗಿ ಕುತ್ತಿಗೆಗೆ ಹಾಕಿಕೊಂಡರು. ಬೈಯುತ್ತಾರೆ ಎಂದು ಅವಳು ಕಾದಳು, ಬೈದಿದ್ದರೆ ಚೆನ್ನಾಗಿತ್ತು. ಅವರು ತಮ್ಮ ಬಲಗೈಯನ್ನು ಮತ್ತೊಮ್ಮೆ ಮುಂದೆ ಹಿಡಿದು, ಮಡಚಿ, ಬಿಚ್ಚಿ ನೋಡಿದರು. "ಹಾಗಾದ್ರೆ ಕೈ ಸರಿ ಇದೆ," ಅಂದರು, ಅವಳಿಗಲ್ಲ. ಸ್ಟೂಲಿನಿಂದ ಇಳಿಯಲು ಅವಳಿಗೆ ಅದೇ ಕೈ ಕೊಟ್ಟರು. "ನಾಳೆಯಿಂದ ಕಾಜಾದವಳನ್ನ ನಿಲ್ಲಿಸ್ತೀನಮ್ಮ. ನಾನು ಮೈ ನಂಬಿ ಕೆಲಸ ಮಾಡೋನು. ಮೈ ಹೆಚ್ಚು ಕಡಿಮೆ ಆದ್ರೆ ಪಿನ್ನಲ್ಲಿ ಸರಿ ಮಾಡ್ಕೋತೀನಿ, ಮಾತು ಹೆಚ್ಚು ಕಡಿಮೆ ಆದ್ರೆ ಎಲ್ಲಿ ಪಿನ್ನು ಚುಚ್ಚಲಿ?"

"ಗೊತ್ತು ಮಾಸ್ಟರ್."

"ಎಂಬತ್ತು ಕೋಟೂ ವಾಪಸ್ ಬರುತ್ತೆ. ಎದೆಯ ಹೊಲಿಗೆ ಬಿಚ್ಚಿ, ಬದಿಗೆ ಅರ್ಧ ಒಳಗೆ ತಗೋಬೇಕು. ನೀನೇ ಮಾಡು." ಬಾಗಿಲ ತನಕ ಹೋದವರು ತಿರುಗಿ ನಿಂತರು. "ಇಳಿಯುವಾಗ ನಿನ್ನ ಕೈ ಮಂಜಿನ ಹಾಗಿತ್ತು. ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀಯಾ?"

ಅವಳು ಕೋಟಿನ ಗುಂಡಿಗೆ ಕೈ ಹಾಕಿದಳು. ಅವರು ಹೋದ ಮೇಲೆ ಕೋಟು ಬಿಚ್ಚಿ ಬೊಂಬೆಗೆ ತೊಡಿಸಿದಳು. ಅದರ ಮೇಲೂ ಜೋಲಿತು. ಚೀಲದಿಂದ ಡಬ್ಬಿ ತೆಗೆದು, ಬೊಂಬೆಯ ಎದುರಿಗೇ ನೆಲದ ಮೇಲೆ ಕೂತು, ಮುಚ್ಚಳ ತೆರೆದಳು. ಅನ್ನ, ಬೇಳೆ, ಸೊಪ್ಪು, ಎರಡಾಗಿ ಕತ್ತರಿಸಿದ ಮೊಟ್ಟೆ. ಕರಿದದ್ದು ಏನೂ ಇರಲಿಲ್ಲ, ಸಿಹಿಯೂ ಇರಲಿಲ್ಲ. ನರ್ಸಮ್ಮ ಪಟ್ಟಿ ಹೇಳಿದ್ದು ಇಂದು ಬೆಳಿಗ್ಗೆ, ಅತ್ತೆ ಎಂದಿನಿಂದ ಹೀಗೆ ಕಟ್ಟುತ್ತಿದ್ದಾರೆ ಎನ್ನುವುದು ಅವಳಿಗೆ ತಿಳಿಯದು, ಮುಚ್ಚಳ ತೆಗೆದು ನೋಡದೆ ಸುರಿಯುವವಳಿಗೆ ಹೇಗೆ ತಿಳಿಯಬೇಕು. ಅದು ನೆನಪಾಗಿ ಮತ್ತೆ ರೇಗಿತು. ಸ್ಟೂಲು ಹೋಯಿತು. ಇನ್ನು ಬೀದಿಯಲ್ಲಿ ಹೋಗುವ ಬೆನ್ನುಗಳು ಕಾಜಾದವಳವು. ತನ್ನದು ಬರೀ ಒಂದು ಮೈ, ಸೊಂಟ ಮೂವತ್ತೆರಡು, ಯಾರಿಗೂ ಅಳತೆಯಲ್ಲ. ತಣ್ಣಗಾದ ಅನ್ನದ ಮೊದಲ ತುತ್ತು ಬಾಯಿಗಿಟ್ಟಳು. ನೀರು ಕುಡಿದು ಇಳಿಸಿದಳು. ಎರಡನೆಯ ತುತ್ತು ತಾನಾಗಿ ಇಳಿಯಿತು. ಮೂರು ಅಂತಸ್ತೂ ಮುಗಿಸಿ, ಬೆರಳಿನಿಂದ ತಳ ಬಳಿದಳು. ಬಸ್ಸಿನ ಹೊತ್ತಾಗಿತ್ತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಕೂಸು ದಾರಿಯಲ್ಲೇ ನಿದ್ದೆ ಹೋಗಿತ್ತು, ಬಾಯಿ ಅರ್ಧ ತೆರೆದು. ಅದನ್ನು ಮಲಗಿಸಿ, ಕಾರ್ಡನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟು, ಅವಳು ಗೋಡೆಗೊರಗಿ ಕೂತಳು. ಮಾತಾಡಲು ಮನಸ್ಸಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ಹರಿಹಾಯ್ದುಬಿಡುತ್ತೇನೆ ಎಂದು ತನಗೇ ಹೆದರಿಕೆಯಾಗಿತ್ತು. ಅತ್ತೆ ಕಾರ್ಡು ನೋಡಿ ಅಲ್ಲೇ ಇಟ್ಟರು. ಎಂದಿನಂತೆ ಚೀಲದಿಂದ ಡಬ್ಬಿ ತೆಗೆದರು. ಕೈಯಲ್ಲಿ ಹಿಡಿದು ಒಮ್ಮೆ ಆಡಿಸಿದರು. ಮುಚ್ಚಳ ತೆರೆದರು. ಅಂಚಿಗೆ ಬೇಳೆ ಒಣಗಿ ಹಳದಿ ಗೆರೆಯಾಗಿತ್ತು, ಒಂದೆರಡು ಅನ್ನದ ಅಗುಳು, ಬಳಿದ ಬೆರಳಿನ ಗುರುತು. ಅತ್ತೆ ಆ ಗೆರೆಯನ್ನು, ದೇವರ ಮುಂದೆ ನಿಂತಾಗ ನಿಲ್ಲುವಷ್ಟು ಹೊತ್ತು, ನೋಡುತ್ತಾ ನಿಂತರು. ಆಮೇಲೆ ಬಚ್ಚಲಿಗೆ ಹೋದರು. ನಲ್ಲಿ ಬಿಟ್ಟ ಸದ್ದು, ಉಗುರಿನಿಂದ ಕೆರೆಯುವ ಸದ್ದು.

"ಎಷ್ಟು ಸಲ ಹೇಳಿದೀನಿ ನಿನಗೆ," ಎಂದು ಒಳಗಿನಿಂದ ಗೊಣಗು ಶುರುವಾಯಿತು. "ಒಣಗಿ ಕಲ್ಲಾಗಿದೆ ನೋಡು. ತಿಂದ ಮೇಲೆ ಡಬ್ಬಿಗೆ ಒಂಚೂರು ನೀರು ತೋರಿಸೋಕೆ ಏನು ಕಷ್ಟ ಅಂತೀನಿ. ಒಂಬತ್ತು ವರ್ಷದಿಂದ ಹೇಳ್ತಾನೇ ಇದೀನಿ."

ಡಬ್ಬಿ ಆಗಲೇ ತೊಳೆದಾಗಿತ್ತು. ಕೆರೆಯುವ ಸದ್ದು ನಿಂತಿತ್ತು. ಗೊಣಗು ಮಾತ್ರ ನಿಲ್ಲಲಿಲ್ಲ. ಅವಳು ಕಣ್ಣು ಮುಚ್ಚಿ, ಗೋಡೆಗೊರಗಿ, ಪೂರ್ತಿ ಕೇಳಿಸಿಕೊಂಡಳು.